ನಾರಾಯಣ್ ಮತ್ತು ಗೆಳೆಯರು

ಆರ್. ಕೆ. ನಾರಾಯಣ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಶಂಕರ್ ನಾಗ್ ಅವರ ಮಾಲ್ಗುಡಿ ಡೇಸ್, ಅದರ ಟೈಟಲ್ ಮ್ಯೂಸಿಕ್, ಲಕ್ಷ್ಮಣ್ ಅವರ ಗೆರೆಗಳು, ಓಡಿ ಬರುವ ಮಾಸ್ಟರ್ ಮಂಜುನಾಥ್. ನಾವು ಹುಟ್ಟುವ ಮೊದಲೇ ಬಂದ ಧಾರಾವಾಹಿ ಅದು. ಆದರೂ ಯೂಟ್ಯೂಬ್ ಪುಣ್ಯದಿಂದ ನಮ್ಮ ಬಾಲ್ಯದ ಭಾಗವಾಗಿಬಿಟ್ಟಿದೆ. ಆದರೆ ಸ್ವಾಮಿಯ ಕಥೆ ಮೊದಲು ಬಂದ ಪುಸ್ತಕವನ್ನು ಓದಿದವರು ಎಷ್ಟು ಜನ? ನಮ್ಮ ಬಳಗದಲ್ಲಿ ಕೈ ಎತ್ತಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಹಾಗಾಗಿ ಈ ಸಂಚಿಕೆಗೆ ಆ ಪುಸ್ತಕ ಮತ್ತು ಅದನ್ನು ಬರೆದವರ ಬದುಕು, ಎರಡನ್ನೂ ಒಟ್ಟಿಗೆ ಹೇಳೋಣ ಅಂದುಕೊಂಡೆವು.

ಸ್ವಾಮಿ ಅಂಡ್ ಫ್ರೆಂಡ್ಸ್ ಪ್ರಕಟವಾದದ್ದು 1935ರಲ್ಲಿ. ನಾರಾಯಣ್ ಅವರ ಮೊದಲ ಕಾದಂಬರಿ. ಹುಡುಗರ ಗೆಳೆತನದ ಕಥೆ. ಗೆಳೆತನದ ಬಗ್ಗೆ ಬರೆದ ಈ ಪುಸ್ತಕ ಒಬ್ಬ ಗೆಳೆಯ ಇಲ್ಲದಿದ್ದರೆ ಅಚ್ಚೇ ಆಗುತ್ತಿರಲಿಲ್ಲ. ಅವರ ಬದುಕನ್ನು ಓದುತ್ತಾ ಹೋದಂತೆ ನಮಗೆ ಎದ್ದು ಕಂಡದ್ದು ಇದೇ: ದಾರಿ ಮುಚ್ಚಿತು ಅನ್ನಿಸಿದ ಕಡೆಯೆಲ್ಲ ಯಾರೋ ಒಬ್ಬ ಗೆಳೆಯ ಬಂದು ಬಾಗಿಲು ತೆಗೆದಿದ್ದಾನೆ.

ನವಿಲು, ಮಂಗ, ಅಜ್ಜಿ

ರಾಶಿಪುರಂ ಕೃಷ್ಣಸ್ವಾಮಿ ಅಯ್ಯರ್ ನಾರಾಯಣಸ್ವಾಮಿ. ಪೂರ್ತಿ ಹೆಸರು ಇಷ್ಟುದ್ದ. ಹುಟ್ಟಿದ್ದು 1906ರ ಅಕ್ಟೋಬರ್ 10ರಂದು, ಮದ್ರಾಸಿನಲ್ಲಿ. ಅಪ್ಪ ಶಾಲೆಯ ಹೆಡ್‌ಮಾಸ್ಟರ್, ಮೈಸೂರು ಸಂಸ್ಥಾನದ ನೌಕರಿ. ವರ್ಗಾವಣೆ ಆದ ಹಾಗೆ ಊರು ಬದಲಾಗುತ್ತಿತ್ತು, ಮನೆ ತುಂಬ ಮಕ್ಕಳು. ಹಾಗಾಗಿ ನಾರಾಯಣ್ ಬಾಲ್ಯ ಕಳೆದದ್ದು ಮದ್ರಾಸಿನ ಪುರಸವಾಕ್ಕಂನಲ್ಲಿ, ಅಮ್ಮನ ತಾಯಿ ಪಾರ್ವತಿ ಅಜ್ಜಿಯ ಹತ್ತಿರ. ಅಪ್ಪ ಅಮ್ಮ, ತಮ್ಮಂದಿರು ಎಲ್ಲರೂ ಇನ್ನೊಂದು ಊರಿನಲ್ಲಿ. ಈ ಹುಡುಗನಿಗೆ ಜೊತೆ ಅಂದರೆ ಒಂದು ನವಿಲು, ಒಂದು ಮಂಗ, ಮತ್ತು ಅಜ್ಜಿ.

ಅಜ್ಜಿ ಸಾಮಾನ್ಯದವರಲ್ಲ. ಲೆಕ್ಕ, ಪುರಾಣ, ಸಂಗೀತ, ಸಂಸ್ಕೃತ ಎಲ್ಲವನ್ನೂ ಮನೆಯಲ್ಲೇ ಹೇಳಿಕೊಟ್ಟರು. ಶಾಲೆ ಮಾತ್ರ ಮಿಷನ್ ಶಾಲೆ. ಅಲ್ಲಿ ಸ್ಕ್ರಿಪ್ಚರ್ ಪಾಠದ ಹೊತ್ತಿನಲ್ಲಿ ಹಿಂದೂ ದೇವರುಗಳನ್ನು ಗೇಲಿ ಮಾಡುವ ಮೇಷ್ಟ್ರ ಮುಂದೆ ಕೂತು ಇರುಸುಮುರುಸು ಪಟ್ಟ ನೆನಪು ಮುಂದೆ ಕಾದಂಬರಿಯಲ್ಲಿ ಎಬನೇಜರ್ ಮೇಷ್ಟ್ರಾಗಿ ಬಂತು. ಸ್ವಾಮಿಯ ಮನೆಯ ಮೂಲೆಯಲ್ಲಿ ಏಲಕ್ಕಿ ಲವಂಗದ ವಾಸನೆಯ ನಡುವೆ ಕೂತಿರುವ ಅಜ್ಜಿ ಎಲ್ಲಿಂದ ಬಂದರು ಅಂತ ಬೇರೆ ಹೇಳಬೇಕಾಗಿಲ್ಲ.

ಒಂಟಿಯಾಗಿ ಬೆಳೆದ ಮಗು ಗೆಳೆತನದ ಬಗ್ಗೆ ಇಷ್ಟು ಚೆನ್ನಾಗಿ ಹೇಗೆ ಬರೆಯಿತು ಅಂತ ಮೊದಲು ನಮಗೆ ಆಶ್ಚರ್ಯ ಆಗಿತ್ತು. ಯೋಚಿಸಿದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಹಸಿದವನಿಗೆ ಗೊತ್ತು ಅನ್ನದ ರುಚಿ.

ಇಂಗ್ಲಿಷಿನಲ್ಲೇ ಫೇಲು

ಅಪ್ಪ ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿಗೆ ಹೆಡ್‌ಮಾಸ್ಟರ್ ಆಗಿ ಬಂದರು. ನಾರಾಯಣ್ ಕೂಡ ಮೈಸೂರಿಗೆ ಬಂದರು. ಹೆಡ್‌ಮಾಸ್ಟರ್ ಮಗ ಅನ್ನೋದರಿಂದ ಸಿಕ್ಕ ದೊಡ್ಡ ಲಾಭ ಅಂದರೆ ಶಾಲೆಯ ಲೈಬ್ರರಿ. ಕೈಗೆ ಸಿಕ್ಕಿದ್ದನ್ನೆಲ್ಲ ಓದಿದರು. ಡಿಕನ್ಸ್, ವೋಡ್‌ಹೌಸ್, ಹಾರ್ಡಿ, ಜೊತೆಗೆ ಹಡಗಿನಲ್ಲಿ ಬರುತ್ತಿದ್ದ ಇಂಗ್ಲಿಷ್ ಮಾಸಪತ್ರಿಕೆಗಳು. ಪಠ್ಯಪುಸ್ತಕ ಒಂದು ಬಿಟ್ಟು ಮಿಕ್ಕಿದ್ದೆಲ್ಲ.

ಫಲಿತಾಂಶ ನಮಗೆ ಚೆನ್ನಾಗಿ ಅರ್ಥ ಆಗುವಂಥದ್ದೇ. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ನಾರಾಯಣ್ ಫೇಲಾದರು. ಅದೂ ಇಂಗ್ಲಿಷಿನಲ್ಲಿ. ಮುಂದೆ ಇಂಗ್ಲಿಷಿನಲ್ಲಿ ಬರೆದೇ ಜಗತ್ತಿಗೆಲ್ಲ ಗೊತ್ತಾದ ಮನುಷ್ಯ ಇಂಗ್ಲಿಷ್ ಪೇಪರಲ್ಲೇ ಡುಮ್ಕಿ. ಬ್ಯಾಕ್‌ಲಾಗ್ ಇರುವ ನಮ್ಮ ಮಿತ್ರರು ಈ ಸಾಲನ್ನು ಪ್ರಿಂಟ್ ತೆಗೆಸಿ ರೂಮಿನ ಗೋಡೆಗೆ ಅಂಟಿಸಿಕೊಳ್ಳಬಹುದು. ಆದರೆ ಅದರ ಮುಂದಿನದನ್ನೂ ಓದಬೇಕು. ಫೇಲಾದ ಮೇಲೆ ಸಿಕ್ಕ ಇಡೀ ವರ್ಷ ಅವರು ಸುಮ್ಮನೆ ಕೂರಲಿಲ್ಲ. ಬೆಳಿಗ್ಗೆ ಎದ್ದು ಕೈಯಲ್ಲಿ ಪುಸ್ತಕ ಹಿಡಿದು ಕುಕ್ಕರಹಳ್ಳಿ ಕೆರೆ ಕಡೆ ಹೊರಡೋದು, ಮರದ ಕೆಳಗೆ ಕೂತು ಓದೋದು, ಬರೆಯೋದು. ನಾವು ಇವತ್ತು ಇಯರ್‌ಫೋನ್ ಹಾಕಿಕೊಂಡು ಸುತ್ತು ಹೊಡೆಯುವ ಅದೇ ಕೆರೆ ಏರಿ.

ಮುಂದಿನ ವರ್ಷ, 1926ರಲ್ಲಿ, ಪಾಸಾಗಿ ಮಹಾರಾಜಾ ಕಾಲೇಜು ಸೇರಿದರು. ಮೂರು ವರ್ಷದ ಡಿಗ್ರಿಗೆ ನಾಲ್ಕು ವರ್ಷ ಹಿಡಿಯಿತು. 1930ರಲ್ಲಿ ಬಿ.ಎ. ಕೈಗೆ ಬಂತು. ಆಮೇಲೆ ಎಂ.ಎ. ಮಾಡೋಣ ಅಂತ ಹೊರಟಾಗ ಗೆಳೆಯನೊಬ್ಬ ತಡೆದ. ಸಾಹಿತ್ಯದಲ್ಲಿ ಎಂ.ಎ. ಮಾಡಿದರೆ ಸಾಹಿತ್ಯದ ಮೇಲಿನ ಪ್ರೀತಿಯೇ ಸತ್ತುಹೋಗುತ್ತದೆ ಅನ್ನೋದು ಅವನ ವಾದ. ಆ ವಾದ ಸರಿಯೋ ತಪ್ಪೋ ನಮ್ಮ ಕನ್ನಡ ಮೇಷ್ಟ್ರನ್ನೇ ಕೇಳಬೇಕು. ನಾರಾಯಣ್ ಅಂತೂ ಅದನ್ನು ಕೇಳಿ ವಾಪಸ್ಸು ಬಂದರು.

ಇನ್ನು ಕೆಲಸ. ಅಪ್ಪನ ಪ್ರಯತ್ನದಿಂದ ಚನ್ನಪಟ್ಟಣದ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಡ್ರಿಲ್ ಮಾಸ್ಟರ್ ಬದಲಿಗೆ ನೀವೇ ಮಕ್ಕಳನ್ನು ಆಡಿಸಿ ಅಂತ ಹೆಡ್‌ಮಾಸ್ಟರ್ ಹೇಳಿದ್ದು ಇವರಿಗೆ ಹಿಡಿಸಲಿಲ್ಲ. ಬಿಟ್ಟು ಬಂದುಬಿಟ್ಟರು. ಹೆಡ್‌ಮಾಸ್ಟರ್ ಮಗ, ಡಿಗ್ರಿ ಇದೆ, ಸರ್ಕಾರಿ ಕೆಲಸ ಒದ್ದು ಬಂದು ಕಥೆ ಬರೀತೀನಿ ಅಂತಾನೆ. ಆ ಕಾಲದ ಮನೆಯಲ್ಲಿ ಏನೇನು ಮಾತು ಬಂದಿರಬಹುದು ಅಂತ ಊಹಿಸೋದು ಕಷ್ಟ ಅಲ್ಲ. ಪ್ಲೇಸ್‌ಮೆಂಟ್ ಆಫರ್ ಬಿಟ್ಟು ಸಿನಿಮಾ ಮಾಡ್ತೀನಿ ಅಂದ ನಮ್ಮ ಸೀನಿಯರ್ ಒಬ್ಬರ ಮನೆಯಲ್ಲಿ ಬಂದ ಮಾತುಗಳೇ ನಮಗೆ ಗೊತ್ತು.

ಅಜ್ಜಿ ನೋಡಿದ ಮುಹೂರ್ತ

ಬರವಣಿಗೆಯಿಂದ ಮೊದಲ ವರ್ಷ ಸಿಕ್ಕ ಒಟ್ಟು ಆದಾಯ ಒಂಬತ್ತು ರೂಪಾಯಿ ಹನ್ನೆರಡು ಆಣೆ. ಮೊದಲು ಅಚ್ಚಾದದ್ದು ಕಥೆ ಕೂಡ ಅಲ್ಲ. ಹದಿನೇಳನೇ ಶತಮಾನದ ಇಂಗ್ಲೆಂಡಿನ ಸಮುದ್ರ ಕಾನೂನಿನ ಬಗ್ಗೆ ಯಾರೋ ಬರೆದ ಪುಸ್ತಕಕ್ಕೆ ವಿಮರ್ಶೆ. ಮೈಸೂರಿನಲ್ಲಿ ಕೂತ, ಸಮುದ್ರಕ್ಕೂ ಕಾನೂನಿಗೂ ಸಂಬಂಧ ಇಲ್ಲದ ಹುಡುಗ ಬರೆದದ್ದು. ಸಿಕ್ಕ ಕೆಲಸ ಮಾಡಬೇಕಿತ್ತು, ಮಾಡಿದರು.

1930ರ ಸೆಪ್ಟೆಂಬರ್. ನಾರಾಯಣ್ ಬೆಂಗಳೂರಿನಲ್ಲಿ ಅಜ್ಜಿಯ ಜೊತೆ ಇದ್ದರು. ಅಜ್ಜಿ ಪಂಚಾಂಗ ನೋಡಿ ಒಳ್ಳೆಯ ದಿನ ಗೊತ್ತು ಮಾಡಿಕೊಟ್ಟರು. ಮೊಮ್ಮಗ ಒಂದು ನೋಟ್‌ಬುಕ್ ತಂದು ಮೊದಲ ಕಾದಂಬರಿಯ ಮೊದಲ ಸಾಲು ಬರೆದ. ಆ ಸಾಲಿನ ಜೊತೆಗೆ ಮನಸ್ಸಿಗೆ ಬಂದದ್ದು ಒಂದು ಪುಟ್ಟ ರೈಲ್ವೆ ಸ್ಟೇಷನ್, ಅದರ ಹೆಸರು ಮಾಲ್ಗುಡಿ. ಮಲ್ಲೇಶ್ವರದ ಮೊದಲರ್ಧ, ಬಸವನಗುಡಿಯ ಕೊನೆ ಅಂತ ನಮ್ಮೂರಲ್ಲಿ ಜನ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ನಾರಾಯಣ್ ತಾವೇ ಹೇಳಿಕೊಂಡ ಪ್ರಕಾರ ಊರಿಗಿಂತ ಮೊದಲು ಬಂದದ್ದು ಆ ಸ್ಟೇಷನ್. ರೈಲು ಬಂದು ನಿಲ್ಲುವ, ರೈಲು ಹೊರಟುಹೋಗುವ ಜಾಗ. ಕಾದಂಬರಿ ಮುಗಿಯುವುದೂ ಅಲ್ಲಿಯೇ.

ಬಾಲ ಅಂತ ಹೆಸರಿಟ್ಟರು

ಈಗ ಪುಸ್ತಕದ ಒಳಗೆ ಹೋಗೋಣ. ಧಾರಾವಾಹಿ ನೋಡಿದವರಿಗೆ ಕಥೆ ಗೊತ್ತಿದ್ದರೂ ಓದುವಾಗ ಬೇರೆಯೇ ಒಂದು ವಿಷಯ ಕಣ್ಣಿಗೆ ಬೀಳುತ್ತದೆ.

ಸ್ವಾಮಿನಾಥನಿಗೆ ಆಲ್ಬರ್ಟ್ ಮಿಷನ್ ಶಾಲೆಯಲ್ಲಿ ನಾಲ್ಕು ಜನ ಗೆಳೆಯರು. ಮಾನಿಟರ್ ಸೋಮು, ಯಾರಿಗೂ ಹೆದರದ ಮಣಿ, ಬುದ್ಧಿವಂತ ಶಂಕರ್, ಎತ್ತರ ಇಲ್ಲದ್ದಕ್ಕೆ ಬಟಾಣಿ ಅನ್ನಿಸಿಕೊಂಡ ಸ್ಯಾಮುಯೆಲ್. ಆಗ ತರಗತಿಗೆ ಹೊಸ ಹುಡುಗ ಬರುತ್ತಾನೆ, ರಾಜಂ. ಪೊಲೀಸ್ ಸೂಪರಿಂಟೆಂಡೆಂಟ್ ಮಗ. ಒಳ್ಳೆ ಬಟ್ಟೆ, ಸಲೀಸಾದ ಇಂಗ್ಲಿಷ್. ಮೊದಲು ಮಣಿಗೂ ರಾಜಂಗೂ ದ್ವೇಷ. ಸರಯೂ ನದಿಯ ದಡದಲ್ಲಿ ಹೊಡೆದಾಡಿ ತೀರ್ಮಾನ ಮಾಡೋಣ ಅಂತ ಹೋದವರು ಗೆಳೆಯರಾಗಿ ವಾಪಸ್ಸು ಬರುತ್ತಾರೆ. ಅಲ್ಲಿಂದ ಮುಂದೆ ಸ್ವಾಮಿಗೆ ರಾಜಂ ಬಿಟ್ಟರೆ ಬೇರೆ ಜಗತ್ತೇ ಇಲ್ಲ.

ರಾಜಂ ಮನೆಗೆ ಬರ್ತಾನೆ ಅಂತ ಗೊತ್ತಾದ ದಿನ ಸ್ವಾಮಿ ಪಡುವ ಪಾಡು ನೋಡಬೇಕು. ಅಪ್ಪನ ಕೋಣೆ ತನ್ನದು ಅಂತ ಕಾಣಿಸಬೇಕು, ಮೇಜು ನೀಟಾಗಿರಬೇಕು, ತಿಂಡಿ ವಿಶೇಷ ಇರಬೇಕು, ಕಾಫಿ ಸರಿಯಾಗಿರಬೇಕು, ಅಜ್ಜಿ ಮಾತ್ರ ಈಚೆ ಬರಬಾರದು. ಒಬ್ಬರ ಕಣ್ಣಲ್ಲಿ ಚೆನ್ನಾಗಿ ಕಾಣಬೇಕು ಅನ್ನುವ ಆ ತಳಮಳ ನಮಗೆಲ್ಲ ಗೊತ್ತು. ಅದು ಬರುವುದು ಪ್ರೀತಿ ಇರುವ ಕಡೆ ಮಾತ್ರ.

ಉಳಿದ ಹುಡುಗರಿಗೆ ಇದು ಸಹಿಸಲಿಲ್ಲ. ಸ್ವಾಮಿ ರಾಜಂನ ಬಾಲ ಅಂತ ಹೆಸರಿಟ್ಟರು. ತರಗತಿಯ ಬೋರ್ಡಿನ ಮೇಲೆ ಆ ಪದ ದೊಡ್ಡದಾಗಿ ಬರೆದರು. ಮಾತು ಬಿಟ್ಟರು. ನಿನ್ನೆವರೆಗೆ ಹೆಗಲ ಮೇಲೆ ಕೈ ಹಾಕಿಕೊಂಡು ಓಡಾಡಿದವರು ಇವತ್ತು ನೋಡಿಯೂ ನೋಡದ ಹಾಗೆ ಹೋಗುತ್ತಾರೆ. ಹತ್ತು ವರ್ಷದ ಹುಡುಗನಿಗೆ ಶಾಲೆಗೆ ಹೋಗುವುದೇ ಹಿಂಸೆಯಾಗುತ್ತದೆ. ಎಲ್ಲರೂ ನಗುತ್ತಿರುವಾಗ ತಾನು ಏನು ತಪ್ಪು ಮಾಡಿದೆ ಅಂತ ಅವನಿಗೆ ತಿಳಿಯುವುದಿಲ್ಲ.

ನಮ್ಮ ಓದು ನಿಂತದ್ದು ಇಲ್ಲಿ. ಹಾಸ್ಟೆಲಿನಲ್ಲಿ ಇಬ್ಬರು ಹುಡುಗರು ಯಾವಾಗಲೂ ಒಟ್ಟಿಗೆ ಊಟಕ್ಕೆ ಹೋದರೆ, ಒಬ್ಬ ಊರಿಗೆ ಹೋದಾಗ ಇನ್ನೊಬ್ಬ ಸಪ್ಪಗಾದರೆ, ನಾವೆಲ್ಲ ಏನೇನು ಹೆಸರು ಇಡುತ್ತೇವೆ? ಗ್ರೂಪಿನಲ್ಲಿ ಏನೇನು ಸ್ಟಿಕರ್ ಹಾಕುತ್ತೇವೆ? ಹುಡುಗಿಯರ ಹಾಸ್ಟೆಲಿನಲ್ಲೂ ಇದು ಇದೆ, ಪದ ಬೇರೆ ಅಷ್ಟೆ. ತಮಾಷೆಗೆ ಅಂತೀವಿ. ಆ ಇಬ್ಬರು ನಿಜಕ್ಕೂ ಬರೀ ಗೆಳೆಯರಾಗಿದ್ದರೆ, ಆ ತಮಾಷೆಯಿಂದ ಅವರು ದೂರ ಆಗುತ್ತಾರೆ. ಅವರಲ್ಲಿ ಒಬ್ಬನಿಗೆ ತಾನು ಯಾರು, ತನ್ನ ಮನಸ್ಸು ಯಾರ ಕಡೆ ಹೋಗುತ್ತದೆ ಅನ್ನುವ ಪ್ರಶ್ನೆ ಒಳಗೇ ಕೊರೆಯುತ್ತಿದ್ದರೆ, ಅದೇ ತಮಾಷೆ ಅವನ ಬಾಯಿ ಮುಚ್ಚಿಸುತ್ತದೆ. ಎರಡೂ ಕಡೆ ನಷ್ಟವೇ.

ನಾರಾಯಣ್ ಈ ಎರಡನೇ ಪ್ರಶ್ನೆಯನ್ನು ಕೇಳಲಿಲ್ಲ. ಹತ್ತು ವರ್ಷದ ಸ್ವಾಮಿಗೆ ನಾವೂ ಇವತ್ತಿನ ಯಾವ ಹಣೆಪಟ್ಟಿಯನ್ನೂ ಅಂಟಿಸಬೇಕಾಗಿಲ್ಲ. ಕನ್ನಡದಲ್ಲಿ ಆ ಪ್ರಶ್ನೆ ನೇರವಾಗಿ, ನಾಚಿಕೆ ಇಲ್ಲದೆ ಬಂದದ್ದು 2013ರಲ್ಲಿ, ವಸುಧೇಂದ್ರ ಅವರ ಮೋಹನಸ್ವಾಮಿ ಕಥೆಗಳಲ್ಲಿ. ಗಂಡಸನ್ನು ಪ್ರೀತಿಸುವ ಗಂಡಸಿನ ಬದುಕು ಅಲ್ಲಿ ಕಥೆಯ ನಡುಮನೆಗೆ ಬಂತು. ಅಂದಹಾಗೆ ವಸುಧೇಂದ್ರ ಅವರೂ ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿದವರು, ನಮ್ಮವರೇ. ಆಮೇಲೆ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ತೀರ್ಪು ಕೊಟ್ಟಿತು. ಕಾನೂನು ಬದಲಾಯಿತು. ಕ್ಲಾಸಿನ ಹಿಂದಿನ ಬೆಂಚು ಬದಲಾಗುವುದು ಇನ್ನೂ ಬಾಕಿ ಇದೆ.

ಆದರೆ 1935ರ ಪುಸ್ತಕ ಒಂದು ಕೆಲಸ ಮಾಡಿತ್ತು. ಒಬ್ಬ ಹುಡುಗ ಇನ್ನೊಬ್ಬ ಹುಡುಗನನ್ನು ಮನಸಾರೆ ಹಚ್ಚಿಕೊಳ್ಳುವುದನ್ನು ಅದು ನಗೆಪಾಟಲು ಮಾಡಲಿಲ್ಲ. ನಗುವವರು ಕಥೆಯ ಒಳಗಿನ ಹುಡುಗರು. ಬರೆದವರು ಸ್ವಾಮಿಯ ಪಕ್ಕದಲ್ಲಿ ನಿಂತಿದ್ದಾರೆ.

ಮುಂದೆ ರಾಜಂ ಎಲ್ಲರನ್ನೂ ಮನೆಗೆ ಕರೆದು, ಉಡುಗೊರೆ ಕೊಟ್ಟು, ರಾಜಿ ಮಾಡಿಸುತ್ತಾನೆ. ಸ್ವಾತಂತ್ರ್ಯ ಚಳವಳಿಯ ಮುಷ್ಕರದ ದಿನ ಸ್ವಾಮಿ ಗಾಜು ಒಡೆದು ಶಾಲೆ ಬಿಡಬೇಕಾಗುತ್ತದೆ, ಬೋರ್ಡ್ ಹೈಸ್ಕೂಲು ಸೇರುತ್ತಾನೆ. ಹುಡುಗರು ಮಾಲ್ಗುಡಿ ಕ್ರಿಕೆಟ್ ಕ್ಲಬ್ ಕಟ್ಟುತ್ತಾರೆ. ಇಂಗ್ಲೆಂಡಿನ ಬೌಲರ್ ಮಾರಿಸ್ ಟೇಟ್ ಹೆಸರನ್ನು ಸ್ವಾಮಿಗೆ ಕೊಡುತ್ತಾರೆ. ಒಮ್ಮೆ ಬಾಲ, ಈಗ ಟೇಟ್. ಆದರೆ ಪಂದ್ಯಕ್ಕೆ ಮುಂಚೆ ಸ್ವಾಮಿ ಹೆಡ್‌ಮಾಸ್ಟರ್ ಜೊತೆ ಜಗಳವಾಗಿ ಊರು ಬಿಟ್ಟು ಓಡುತ್ತಾನೆ, ಕಾಡಿನ ದಾರಿಯಲ್ಲಿ ತಪ್ಪಿಸಿಕೊಳ್ಳುತ್ತಾನೆ. ಸಿಕ್ಕಿ ವಾಪಸ್ಸು ಬರುವಷ್ಟರಲ್ಲಿ ಪಂದ್ಯ ಸೋತಾಗಿದೆ. ರಾಜಂ ಕ್ಷಮಿಸುವುದಿಲ್ಲ. ಅಷ್ಟರಲ್ಲಿ ಅವನ ಅಪ್ಪನಿಗೆ ವರ್ಗವಾಗುತ್ತದೆ. ಸ್ಟೇಷನ್ನಿಗೆ ಸ್ವಾಮಿ ಆಂಡರ್ಸನ್ ಕಥೆಗಳ ಪುಸ್ತಕ ಹಿಡಿದು ಬರುತ್ತಾನೆ. ರೈಲು ಹೊರಟ ಮೇಲೆ ಪುಸ್ತಕ ಕಿಟಕಿ ಸೇರುತ್ತದೆ. ರಾಜಂ ಕ್ಷಮಿಸಿದನೋ ಇಲ್ಲವೋ ಸ್ವಾಮಿಗೆ ಗೊತ್ತಾಗುವುದಿಲ್ಲ. ನಮಗೂ ಗೊತ್ತಾಗುವುದಿಲ್ಲ. ಅದನ್ನು ಸಿಹಿ ಮಾಡಿ ಮುಗಿಸುವ ಆಸೆಗೆ ಬೀಳದಿದ್ದುದು ಇಪ್ಪತ್ತರ ಹರೆಯದ ಬರಹಗಾರನ ಧೈರ್ಯ.

ಥೇಮ್ಸ್ ನದಿಗೆ ಬೀಳಬೇಕಿದ್ದ ಪುಸ್ತಕ

ಬರೆದು ಮುಗಿಸಿದ್ದಾಯಿತು. ಅಚ್ಚು ಹಾಕುವವರು ಯಾರು? ಲಂಡನ್ನಿನ ಪ್ರಕಾಶಕರಿಗೆ ಕಳಿಸೋದು, ಅವರು ವಾಪಸ್ಸು ಕಳಿಸೋದು. ಟಪಾಲು ಹಡಗಿನಲ್ಲಿ ಹೋಗಿ ಹಡಗಿನಲ್ಲಿ ಬರಬೇಕು. ಒಂದು ನಿರಾಕರಣೆಗೆ ವಾರಗಟ್ಟಲೆ ಕಾಯಬೇಕು. ನಾವು ರಿಜೆಕ್ಷನ್ ಮೇಲ್ ಬಂದರೆ ಎರಡು ದಿನ ಮಂಕಾಗುತ್ತೇವೆ. ಇಲ್ಲಿ ವರ್ಷಗಳೇ ಹೋದವು.

ಈ ನಡುವೆ 1933ರಲ್ಲಿ ಕೊಯಮತ್ತೂರಿನ ಅಕ್ಕನ ಮನೆಗೆ ಹೋದಾಗ, ಬೀದಿ ನಲ್ಲಿಯಲ್ಲಿ ನೀರು ಹಿಡಿಯಲು ಬಂದ ಹುಡುಗಿಯನ್ನು ಕಂಡು ಮನಸೋತರು. ಅವರ ಹೆಸರೂ ರಾಜಂ. ಜಾತಕ ಕೂಡಲಿಲ್ಲ, ಹುಡುಗನಿಗೆ ಸಂಪಾದನೆ ಇಲ್ಲ. ಆದರೂ ಹಟ ಹಿಡಿದು 1934ರಲ್ಲಿ ಮದುವೆಯಾದರು. ಸಂಸಾರ ನಡೆಸಲು ಮದ್ರಾಸಿನ ದಿ ಜಸ್ಟಿಸ್ ಪತ್ರಿಕೆಗೆ ಮೈಸೂರಿನ ವರದಿಗಾರರಾದರು. ಅಚ್ಚಾದ ಸುದ್ದಿಯನ್ನು ಇಂಚುಪಟ್ಟಿಯಲ್ಲಿ ಅಳೆದು ದುಡ್ಡು ಕೊಡುವ ಕೆಲಸ. ಕೋರ್ಟು, ಪೊಲೀಸ್ ಠಾಣೆ, ಪುರಸಭೆ, ಮಾರುಕಟ್ಟೆ ಅಂತ ದಿನವಿಡೀ ಊರು ಸುತ್ತಬೇಕು. ಮುಂದೆ ಮಾಲ್ಗುಡಿ ತುಂಬ ಓಡಾಡುವ ವಕೀಲರು, ಮುದ್ರಕರು, ಅಂಗಡಿಯವರು, ಸಾಲಗಾರರು ಈ ಸುತ್ತಾಟದಲ್ಲೇ ಸಿಕ್ಕಿರಬೇಕು.

ಮೈಸೂರಿನ ಗೆಳೆಯ ಕಿಟ್ಟು ಪೂರ್ಣ ಆಗ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದರು. ವಾಪಸ್ಸು ಬಂದ ಹಸ್ತಪ್ರತಿ ಕೊನೆಗೆ ಅವರ ಕೈ ಸೇರಿತು. ಬೇಸತ್ತ ನಾರಾಯಣ್ ಅವರಿಗೊಂದು ಕಾಗದ ಬರೆದರು: ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಅಂತ. ಕಿಟ್ಟು ಪೂರ್ಣ ಗೆಳೆಯನ ಮಾತು ಕೇಳಲಿಲ್ಲ. ಆಕ್ಸ್‌ಫರ್ಡಿನಲ್ಲೇ ಇದ್ದ ಗ್ರಹಾಂ ಗ್ರೀನ್ ಅನ್ನುವ ಕಾದಂಬರಿಕಾರನಿಗೆ ಕೊಟ್ಟು ಓದಲು ಹೇಳಿದರು. ಗ್ರೀನ್‌ಗೂ ಆಗ ಮೂವತ್ತರ ಆಸುಪಾಸು, ಇನ್ನೂ ದೊಡ್ಡ ಹೆಸರಲ್ಲ. ಓದಿ ಮೆಚ್ಚಿ, ತಾವೇ ಓಡಾಡಿ ಹ್ಯಾಮಿಶ್ ಹ್ಯಾಮಿಲ್ಟನ್ ಪ್ರಕಾಶನವನ್ನು ಒಪ್ಪಿಸಿದರು. ಮೂಲ ಹೆಸರು ಸ್ವಾಮಿ, ದ ಟೇಟ್ ಅಂತ ಇತ್ತು. ಆಮೇಲೆ ಅದು ಸ್ವಾಮಿ ಅಂಡ್ ಫ್ರೆಂಡ್ಸ್ ಆಯಿತು. ಲೇಖಕನ ಹೆಸರು ಉದ್ದವಾಯಿತು ಅಂತ ನಾರಾಯಣಸ್ವಾಮಿ ಹೋಗಿ ನಾರಾಯಣ್ ಆಯಿತು. ಹೆಸರಿನಿಂದ ಬಿಟ್ಟುಹೋದ ಸ್ವಾಮಿ ಪುಸ್ತಕದ ಮುಖಪುಟದಲ್ಲಿ ಉಳಿದುಕೊಂಡ.

ನಾರಾಯಣ್ ಮತ್ತು ಗ್ರೀನ್ ಮುಖಾಮುಖಿ ಭೇಟಿಯಾದದ್ದು ಇದಾಗಿ ಇಪ್ಪತ್ತು ವರ್ಷ ಕಳೆದ ಮೇಲೆ. ಅಲ್ಲಿವರೆಗೆ ಎಲ್ಲವೂ ಕಾಗದದಲ್ಲೇ. ಒಬ್ಬರ ಮುಖ ಒಬ್ಬರು ನೋಡದೆ, ಹಸ್ತಪ್ರತಿ ತಿದ್ದುತ್ತಾ, ಪ್ರಕಾಶಕರನ್ನು ಹುಡುಕಿಕೊಡುತ್ತಾ, ಕಷ್ಟಸುಖ ಹೇಳಿಕೊಳ್ಳುತ್ತಾ ಬೆಳೆದ ಸ್ನೇಹ. 1991ರಲ್ಲಿ ಗ್ರೀನ್ ತೀರಿಕೊಳ್ಳುವವರೆಗೂ ಅದು ಮುರಿಯಲಿಲ್ಲ. ಆನ್‌ಲೈನ್ ಗೆಳೆತನ ಗೆಳೆತನವೇ ಅಲ್ಲ ಅನ್ನುವ ಹಿರಿಯರಿಗೆ ನಾವು ಇನ್ನು ಮುಂದೆ ಈ ಉದಾಹರಣೆ ಕೊಡುತ್ತೇವೆ.

ಪುಸ್ತಕ ಬಂತು ಅಂತ ಬದುಕು ಬದಲಾಗಲಿಲ್ಲ. ಮಾರಾಟ ತೀರಾ ಕಡಿಮೆ. ಹ್ಯಾಮಿಲ್ಟನ್ ಎರಡನೇ ಪುಸ್ತಕ ತೆಗೆದುಕೊಳ್ಳಲಿಲ್ಲ. 1937ರಲ್ಲಿ ಬ್ಯಾಚುಲರ್ ಆಫ್ ಆರ್ಟ್ಸ್, 1938ರಲ್ಲಿ ಡಾರ್ಕ್ ರೂಮ್ ಬೇರೆ ಬೇರೆ ಪ್ರಕಾಶಕರಿಂದ ಬಂದವು. 1937ರಲ್ಲಿ ಅಪ್ಪ ತೀರಿಕೊಂಡರು. ಮನೆಯ ಭಾರ ಹೆಗಲಿಗೆ ಬಂದಾಗ ಮೈಸೂರು ಸರ್ಕಾರಕ್ಕಾಗಿ ಸಂಸ್ಥಾನದ ಬಗ್ಗೆ ಪ್ರವಾಸಿ ಪುಸ್ತಕ ಬರೆಯುವ ಕೆಲಸವನ್ನೂ ಒಪ್ಪಿಕೊಂಡರು.

ರಾಜಂ ಇಲ್ಲದ ಮನೆ

1939ರ ಜೂನ್. ವಿಷಮಶೀತ ಜ್ವರ ಬಂದು ರಾಜಂ ತೀರಿಕೊಂಡರು. ಮದುವೆಯಾಗಿ ಐದು ವರ್ಷ ಆಗಿತ್ತು. ಮಗಳು ಹೇಮಾಗೆ ಮೂರು ವರ್ಷ. ಇವತ್ತು ಒಂದು ಕೋರ್ಸ್ ಮಾತ್ರೆಯಲ್ಲಿ ವಾಸಿಯಾಗುವ ಕಾಯಿಲೆಗೆ ಅಂದು ಮದ್ದು ಇರಲಿಲ್ಲ. ಟೈಫಾಯ್ಡಿಗೆ ನಾಟುವ ಆಂಟಿಬಯಾಟಿಕ್ ಬಂದದ್ದು ಇನ್ನೂ ಎಂಟು ಒಂಬತ್ತು ವರ್ಷದ ಮೇಲೆ.

ನಾರಾಯಣ್ ಕುಸಿದುಹೋದರು. ಬರೆಯುವುದು ನಿಂತಿತು. ಮದ್ರಾಸಿನಲ್ಲಿ ಸತ್ತವರ ಜೊತೆ ಮಾತಾಡಿಸುತ್ತೇನೆ ಅನ್ನುವವರೊಬ್ಬರ ಬಳಿ ಹೋಗಿ ಕೂತರು. ನಾವು ತರ್ಕ ಓದುವವರು, ಇದನ್ನು ಕೇಳಿ ಹುಬ್ಬೇರಿಸಬಹುದು. ಆದರೆ ದುಃಖದಲ್ಲಿ ಮುಳುಗಿದವನ ಕೈಗೆ ಸಿಕ್ಕ ಹುಲ್ಲುಕಡ್ಡಿಯ ಬಲ ಎಷ್ಟು ಅಂತ ದಡದಲ್ಲಿ ನಿಂತವರು ಲೆಕ್ಕ ಹಾಕೋದು ಸರಿಯಲ್ಲ. ಅದೆಲ್ಲವನ್ನೂ ಒಳಗಿಟ್ಟುಕೊಂಡು ಬರೆದದ್ದು 1945ರ ಇಂಗ್ಲಿಷ್ ಟೀಚರ್. ಅದರ ಮೊದಲರ್ಧ ಪುಟ್ಟ ಸಂಸಾರದ ಸುಖ, ಎರಡನೆಯದು ಹೆಂಡತಿ ಇಲ್ಲದ ಮನೆ. ನಾರಾಯಣ್ ಮತ್ತೆ ಮದುವೆಯಾಗಲಿಲ್ಲ.

ಸ್ವಾಮಿಯ ಗೆಳೆಯನ ಹೆಸರು, ಹೆಂಡತಿಯ ಹೆಸರು, ಎರಡೂ ರಾಜಂ ಆದದ್ದು ಕಾಕತಾಳೀಯ ಇರಬಹುದು. ಅದಕ್ಕೆ ಅರ್ಥ ಹಚ್ಚುವುದು ನಮ್ಮ ಕೆಲಸ ಅಲ್ಲ. ಆದರೆ ಸ್ವಾಮಿ ಅಂಡ್ ಫ್ರೆಂಡ್ಸ್ ಮುಗಿಸಿ ಇಂಗ್ಲಿಷ್ ಟೀಚರ್ ಕೈಗೆತ್ತಿಕೊಂಡರೆ, ಹೊರಟುಹೋದ ರೈಲನ್ನೇ ನೋಡುತ್ತಾ ನಿಂತ ಹುಡುಗ ನೆನಪಾಗದೆ ಇರುವುದಿಲ್ಲ.

ಯಾದವಗಿರಿಯ ಮನೆ

ಎರಡನೇ ಮಹಾಯುದ್ಧದಿಂದಾಗಿ ಇಂಗ್ಲೆಂಡಿನ ಪ್ರಕಾಶಕರ ನಂಟು ಕಡಿಯಿತು. ನಾರಾಯಣ್ ಕೈಕಟ್ಟಿ ಕೂರದೆ ಇಂಡಿಯನ್ ಥಾಟ್ ಅನ್ನುವ ಪತ್ರಿಕೆ ಶುರು ಮಾಡಿದರು. ಪತ್ರಿಕೆ ಬಹಳ ದಿನ ನಡೆಯಲಿಲ್ಲ, ಆದರೆ ಅದೇ ಹೆಸರಿನ ಪ್ರಕಾಶನ ಉಳಿಯಿತು. ಅಂಗಡಿಯಲ್ಲಿ ನಾವು ಕೊಳ್ಳುವ ಅವರ ಪುಸ್ತಕಗಳ ಬೆನ್ನ ಮೇಲೆ ಈಗಲೂ ಆ ಹೆಸರು ಇರುತ್ತದೆ. ಈ ಕಾಲದಲ್ಲಿ ಸಿಕ್ಕ ಗೆಳೆಯರಲ್ಲಿ ಸಿಟಿ ಪವರ್ ಪ್ರೆಸ್ಸಿನ ಸಂಪತ್ ಒಬ್ಬರು. ಮಾಲ್ಗುಡಿಯ ಮಿಸ್ಟರ್ ಸಂಪತ್ ಹುಟ್ಟಿದ್ದು ಅವರಿಂದಲೇ.

ಯಾದವಗಿರಿಯಲ್ಲಿ ಮನೆ ಕಟ್ಟಿಸಿದರು. ಮಹಡಿಯ ಮೇಲೆ ಅರ್ಧಚಂದ್ರಾಕಾರದ ಓದುವ ಕೋಣೆ, ಸುತ್ತ ಕಿಟಕಿಗಳು. 1958ರಲ್ಲಿ ಗೈಡ್ ಬಂತು. ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಆಮೇಲೆ ದೇವ್ ಆನಂದ್ ಸಿನಿಮಾ. 1964ರಲ್ಲಿ ಪದ್ಮಭೂಷಣ. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಕೆರೆ ಏರಿಯ ಮೇಲೆ ಕೂತು ಫೇಲಾದ ವರ್ಷ ಕಳೆದ ಹುಡುಗನಿಗೆ, ಅದೇ ಕೆರೆಯ ಪಕ್ಕದ ವಿಶ್ವವಿದ್ಯಾಲಯದಿಂದ.

ಹೆಸರು ಎಷ್ಟು ಬೆಳೆದರೂ ದಿನಚರಿ ಬದಲಾಗಲಿಲ್ಲ. ಬೆಳಿಗ್ಗೆ ನಡಿಗೆ, ದಾರಿಯಲ್ಲಿ ಸಿಕ್ಕವರ ಜೊತೆ ಮಾತು, ಒಳ್ಳೆ ಕಾಫಿ. ಮೈಸೂರಿನಲ್ಲಿ ನಡೆಯುವುದು ಅಂದರೆ ನಿಲ್ಲುವುದು ಅಂತ ಗೊತ್ತಿದ್ದವರು ಅವರು. ನಾವು ಸ್ಕೂಟರಿನಲ್ಲಿ ಹಾದುಹೋಗುವ ರಸ್ತೆಗಳಲ್ಲಿ ಅವರು ಕಥೆ ಹೆಕ್ಕಿದರು.

ಶಾಲೆ ಮಕ್ಕಳ ಚೀಲ

1986ರಲ್ಲಿ ನಾರಾಯಣ್ ರಾಜ್ಯಸಭೆಗೆ ನಾಮಕರಣಗೊಂಡರು. ಆಗ ಅವರಿಗೆ ಎಂಬತ್ತರ ಹತ್ತಿರ. ದೊಡ್ಡ ರಾಜಕೀಯ ಮಾತಾಡಲಿಲ್ಲ. ಮೊದಲ ಭಾಷಣದಲ್ಲಿ ಅವರು ಎತ್ತಿದ್ದು ಶಾಲೆ ಮಕ್ಕಳ ಬೆನ್ನ ಮೇಲಿನ ಚೀಲದ ಭಾರದ ವಿಷಯ. ಬಾಗಿ ನಡೆಯುವ ಮಕ್ಕಳು, ಆಟಕ್ಕೆ ಹೊತ್ತಿಲ್ಲ, ಕನಸಿಗೆ ಹೊತ್ತಿಲ್ಲ ಅನ್ನುವ ಸಂಕಟ. ಈ ಮಾತಿನ ಬೆನ್ನಿಗೆ ಚರ್ಚೆ ಬೆಳೆದು, ಪ್ರೊಫೆಸರ್ ಯಶಪಾಲ್ ಅವರ ಸಮಿತಿ ಹೊರೆಯಿಲ್ಲದ ಕಲಿಕೆಯ ಬಗ್ಗೆ 1993ರಲ್ಲಿ ವರದಿ ಕೊಟ್ಟಿತು. ಐವತ್ತು ವರ್ಷಗಳ ಹಿಂದೆ ಸ್ವಾಮಿಯ ಪಕ್ಕ ನಿಂತವರು ಸಂಸತ್ತಿನಲ್ಲೂ ಅಲ್ಲೇ ನಿಂತಿದ್ದರು.

ಅದೇ ಹೊತ್ತಿಗೆ ಶಂಕರ್ ನಾಗ್ ಆಗುಂಬೆಯನ್ನು ಮಾಲ್ಗುಡಿ ಮಾಡಿ ದೇಶಕ್ಕೆಲ್ಲ ತೋರಿಸಿದರು. 1990ರ ಸುಮಾರಿಗೆ ನಾರಾಯಣ್ ಮೈಸೂರು ಬಿಟ್ಟು ಮದ್ರಾಸಿಗೆ ಹೋದರು. 1994ರಲ್ಲಿ ಮಗಳು ಹೇಮಾ ಕ್ಯಾನ್ಸರಿನಿಂದ ತೀರಿಕೊಂಡರು. ತಾವೇ ಒಂಟಿಯಾಗಿ ಬೆಳೆಸಿದ ಮಗಳು. 2001ರ ಮೇ 13ರಂದು, ತೊಂಬತ್ತನಾಲ್ಕನೇ ವಯಸ್ಸಿನಲ್ಲಿ, ನಾರಾಯಣ್ ಚೆನ್ನೈನಲ್ಲಿ ಕೊನೆಯುಸಿರೆಳೆದರು. ನಮ್ಮ ಬ್ಯಾಚಿನ ಯಾರೂ ಆಗ ಹುಟ್ಟಿರಲಿಲ್ಲ.

ಯಾದವಗಿರಿಯ ಮನೆಯನ್ನು 2011ರಲ್ಲಿ ಕೆಡವಲು ಹೊರಟಾಗ ಊರಿನವರು, ಓದುಗರು ದನಿ ಎತ್ತಿದರು. ಮನೆ ಉಳಿಯಿತು, 2016ರಲ್ಲಿ ಮ್ಯೂಸಿಯಂ ಆಯಿತು. ಶಿವಮೊಗ್ಗ ಜಿಲ್ಲೆಯ ಅರಸಾಳು ಸ್ಟೇಷನ್ನಿನಲ್ಲಿ ಮಾಲ್ಗುಡಿ ಮ್ಯೂಸಿಯಂ ಇದೆ. ಮೈಸೂರಿನಿಂದ ಬೆಂಗಳೂರಿನ ಕಡೆಗೆ ಮಾಲ್ಗುಡಿ ಎಕ್ಸ್‌ಪ್ರೆಸ್ ಅನ್ನುವ ರೈಲೂ ಓಡುತ್ತದೆ.

ನಾರಾಯಣ್ ಅವರನ್ನು ನೆನೆಯಲು ಇಷ್ಟೆಲ್ಲ ಇದ್ದರೂ, ನಮಗೆ ಸುಲಭವಾಗಿ ಕಾಣುವುದು ಇನ್ನೊಂದು ದಾರಿ. ಇನ್ನೂರು ಪುಟದ ಆಸುಪಾಸಿನ ಪುಸ್ತಕ ಅದು, ಎರಡು ಇಂಟರ್ನಲ್ಸ್ ನಡುವೆ ಮುಗಿಸಬಹುದು. ಓದಿ. ಬೋರ್ಡಿನ ಮೇಲೆ ಬಾಲ ಅಂತ ಬರೆದ ಪುಟಕ್ಕೆ ಬಂದಾಗ ಸ್ವಲ್ಪ ನಿಲ್ಲಿ. ನಮ್ಮ ಫ್ಲೋರಿನಲ್ಲಿ, ನಮ್ಮ ಸೆಕ್ಷನ್ನಿನಲ್ಲಿ ಅಂಥದ್ದೊಂದು ಹೆಸರು ಹೊತ್ತು ಓಡಾಡುತ್ತಿರುವವರು ಯಾರಾದರೂ ಇದ್ದಾರಾ ಅಂತ ನೋಡಿ. ಇದ್ದರೆ, ಇವತ್ತು ಸಂಜೆ ಮೆಸ್ಸಿನಲ್ಲಿ ಅವರ ಟೇಬಲ್ಲಿಗೆ ಹೋಗಿ ಕೂರಿ. ಏನೂ ಕೇಳಬೇಡಿ. ಊಟ ಮಾಡುತ್ತಾ ಕ್ರಿಕೆಟ್ ಮಾತಾಡಿ ಸಾಕು.